ತಂತಿಯ ತುದಿಯ ಕಸುಬು

ನಮ್ಮ ತೋಟದ ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆ ಎರಡು ಬೇಸಿಗೆಯಲ್ಲಿ ಎರಡು ಸಲ ಸುಟ್ಟಿತು. ಮೊದಲ ಸಲ ಲೋ ವೋಲ್ಟೇಜನ್ನು ಬೈದು ಸುಮ್ಮನಾದೆವು. ಎರಡನೆಯ ಸಲ ಬಂದ ಎಲೆಕ್ಟ್ರಿಷಿಯನ್ ಹುಡುಗ ಮೇನ್ ಇಳಿಸಿ, ಟೆಸ್ಟರ್ ಇಟ್ಟು ನೋಡಿ, ಕಪ್ಪಗಾಗಿದ್ದ ಒಂದು ವೈರನ್ನು ಮೆಲ್ಲಗೆ ಎಳೆದ. ಅದು ಲಗ್ಗಿನಿಂದ ಹಾಗೇ ಜಾರಿ ಕೈಗೆ ಬಂತು. ‘ಲೂಸ್ ಕಾಂಟ್ಯಾಕ್ಟ್ ಸಾರ್. ಯಾರೋ ಪುಣ್ಯಾತ್ಮರು ಇಕ್ಕಳದಲ್ಲಿ ಅದುಮಿದ್ದಾರೆ’ ಎಂದ. ಆ ಪುಣ್ಯಾತ್ಮ ನಾನೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಲಗ್ ನೋಡಲು ಏನೂ ಅಲ್ಲ. ಒಂದು ಕಡೆ ಕೊಳವೆ, ಇನ್ನೊಂದು ಕಡೆ ತೂತಿರುವ ಚಪ್ಪಟೆ ಕಿವಿ. ಕೊಳವೆಯೊಳಗೆ ಕೇಬಲ್ಲಿನ ತುದಿ, ತೂತಿನೊಳಗೆ ಬೋಲ್ಟು. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ‘ಲಗ್’ ಎಂದರೆ ಕಿವಿಯೇ. ಕೆಲವು ಅಂಗಡಿಗಳಲ್ಲಿ ಇದನ್ನೇ ತಿಂಬಲ್ ಎಂದು ಕೇಳಿದರೂ ಕೊಡುತ್ತಾರೆ. ಕೇಬಲ್ಲಿಗೆ ಸಾವಿರಗಟ್ಟಲೆ ಸುರಿಯುವ ನಾವು ಚೌಕಾಸಿಗೆ ಇಳಿಯುವುದು ಮಾತ್ರ ಈ ಸಣ್ಣ ಕಿವಿಯ ಮುಂದೆ.

ಆ ಚೌಕಾಸಿಗೆ ತೆರುವ ಬೆಲೆಯ ಲೆಕ್ಕ ಹೀಗಿದೆ. ಮೋಟರು 20 ಆಂಪಿಯರ್ ಎಳೆಯುತ್ತಿದೆ, ಸಡಿಲ ಲಗ್ಗಿನಲ್ಲಿ 0.05 ಓಮ್ ತಡೆ ಇದೆ ಎಂದುಕೊಳ್ಳಿ. ಆಗ ಆ ಒಂದೇ ಬಿಂದುವಿನಲ್ಲಿ 20 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂಥದ್ದೊಂದನ್ನು ಸ್ಟಾರ್ಟರಿನೊಳಗೆ ಹೊತ್ತಿಸಿಟ್ಟು ಮರೆತಂತೆಯೇ ಸರಿ. ಆಂಪಿಯರ್ ಇಮ್ಮಡಿಯಾದರೆ ಶಾಖ ನಾಲ್ಮಡಿ. ಕಾದ ಜಾಗದಲ್ಲಿ ಕಿಲುಬು ಬೇಗ ಕಟ್ಟುತ್ತದೆ, ಕಿಲುಬು ತಡೆಯನ್ನು ಹೆಚ್ಚಿಸುತ್ತದೆ, ಅದು ಮತ್ತೆ ಕಾಯುತ್ತದೆ.

ಗುದ್ದಲಿಯ ಕಾವು ಸಡಿಲವಾದರೆ ಬೆಣೆ ಹೊಡೆಯುವುದು ನಮ್ಮ ರೂಢಿ. ಲಗ್ ದೊಡ್ಡದಾದಾಗಲೂ ನಾಲ್ಕು ತಂತಿ ಚೂರು ತುರುಕಿ ಬೆಣೆ ಹೊಡೆದುಬಿಡುತ್ತೇವೆ. ಚಿಕ್ಕದಾದರೆ ಕೇಬಲ್ಲಿನ ಎಳೆಗಳನ್ನೇ ಕತ್ತರಿಸುತ್ತೇವೆ. ಏಳೆಳೆಯ ಕೇಬಲ್ಲಿನಲ್ಲಿ ಒಂದು ಎಳೆ ಹೋಯಿತೆಂದರೆ ಅಲ್ಲಿಗೆ ತಾಮ್ರದ ಏಳನೇ ಒಂದು ಪಾಲು ಹೋಯಿತು. ಗುದ್ದಲಿಗೆ ನಡೆದದ್ದು ಇಲ್ಲಿ ನಡೆಯದು.

ಲಗ್ಗಿನ ಮೇಲೆ ‘35-8’ ಎಂದು ಅಚ್ಚಾಗಿದ್ದರೆ 35 ಚದರ ಮಿಲಿಮೀಟರ್ ಕೇಬಲ್ಲಿಗೆ, 8 ಎಂ.ಎಂ. ಬೋಲ್ಟಿಗೆ ಎಂದರ್ಥ. ಎಂಟರ ಬೋಲ್ಟಿಗೆ ಹನ್ನೆರಡರ ತೂತಿನ ಲಗ್ ಹಾಕಿದರೆ ಕಿವಿ ಕೂರುವ ಜಾಗವೇ ಕಡಿಮೆಯಾಗುತ್ತದೆ. ಅನುಭವಸ್ಥರೂ ಎಡವುವುದು ಇನ್ನೊಂದು ಕಡೆ. ಕೂದಲೆಳೆಯಂಥ ನೂರಾರು ತಂತಿಗಳ ಫ್ಲೆಕ್ಸಿಬಲ್ ಕೇಬಲ್ಲಿಗೂ ದಪ್ಪ ಎಳೆಗಳ ಕೇಬಲ್ಲಿಗೂ ಅಳತೆ ಅದೇ 35 ಇರಬಹುದು. ಆದರೆ ಸಣ್ಣ ಎಳೆಗಳ ನಡುವಿನ ಸಂದುಗಳೆಲ್ಲ ಸೇರಿ ಫ್ಲೆಕ್ಸಿಬಲ್ಲಿನ ಸುತ್ತಳತೆ ಹಿಗ್ಗಿರುತ್ತದೆ. ಅದಕ್ಕೆಂದೇ ತುಸು ಅಗಲ ಬಾಯಿಯ ಲಗ್ ಬೇರೆ ಸಿಗುತ್ತದೆ.

ಲೋಹದ ವಿಷಯದಲ್ಲಂತೂ ರಾಜಿ ಕೂಡದು. ತಾಮ್ರದ ಕೇಬಲ್ಲಿಗೆ ಕಲಾಯಿ ಹಾಕಿದ ತಾಮ್ರದ ಲಗ್, ಅಲ್ಯೂಮಿನಿಯಂ ಕೇಬಲ್ಲಿಗೆ ಅಲ್ಯೂಮಿನಿಯಂ ಲಗ್. ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕ್ಷಣವೇ ಕಣ್ಣಿಗೆ ಕಾಣದ ಪೊರೆಯೊಂದನ್ನು ಹೊದ್ದುಕೊಳ್ಳುತ್ತದೆ, ಆ ಪೊರೆಯಲ್ಲಿ ಕರೆಂಟು ಹರಿಯದು. ಆದ್ದರಿಂದ ವೈರ್ ಬ್ರಶ್ಶಿನಿಂದ ಉಜ್ಜಿ, ಕೂಡಲೇ ಅದಕ್ಕೆಂದೇ ಇರುವ ಗ್ರೀಸಿನಂಥ ಕಾಂಪೌಂಡ್ ಬಳಿಯಬೇಕು. ಅಲ್ಯೂಮಿನಿಯಂ ಕೇಬಲ್ಲನ್ನು ತಾಮ್ರದ ಪಟ್ಟಿಗೆ ಜೋಡಿಸಬೇಕಾದರೆ ಬೈಮೆಟಾಲಿಕ್ ಲಗ್ ಬೇಕು: ಕೊಳವೆ ಅಲ್ಯೂಮಿನಿಯಂ, ಕಿವಿ ತಾಮ್ರ, ಎರಡನ್ನೂ ರಭಸದಿಂದ ತಿರುಗಿಸಿ ಉಜ್ಜಿದ ಬಿಸಿಯಲ್ಲೇ ಬೆಸೆದಿರುತ್ತಾರೆ. ಅದಿಲ್ಲದೆ ಎರಡು ಲೋಹ ನೇರವಾಗಿ ತಾಗಿ, ಮೇಲೆ ಮಳೆಗಾಲದ ತೇವವೂ ಸೇರಿದರೆ ಅಲ್ಯೂಮಿನಿಯಂ ಸವೆಯತೊಡಗುತ್ತದೆ.

ಇನ್ನು ಅದುಮುವ ಕೆಲಸ. ಪ್ಯಾನೆಲ್ ಬೋರ್ಡ್ ಮಾಡುವವರ ಬಾಯಲ್ಲಿ ಇದು ‘ಲಗ್ ಪಂಚ್ ಮಾಡೋದು’. ಆ ಹುಡುಗನ ಚೀಲದಿಂದ ಹೊರಬಂದದ್ದು ಉದ್ದ ಹಿಡಿಯ ಕ್ರಿಂಪಿಂಗ್ ಟೂಲ್. ಪೂರ್ತಿ ಒತ್ತುವವರೆಗೆ ಅದು ಹಿಡಿದ ಬಾಯಿ ಬಿಡುವುದಿಲ್ಲ, ಅರ್ಧಕ್ಕೆ ನಿಲ್ಲಿಸೋಣವೆಂದರೂ ಆಗದು. ದಪ್ಪ ಕೇಬಲ್ಲಿಗೆ ಎಣ್ಣೆಯ ಒತ್ತಡದ ಹೈಡ್ರಾಲಿಕ್ ಟೂಲ್ ಬೇಕಾಗುತ್ತದೆ. ಹುಡುಗ ಕೇಬಲ್ಲಿನ ಸಿಪ್ಪೆ ಸುಲಿದ ರೀತಿಯನ್ನೇ ನೋಡಬೇಕಿತ್ತು. ಒಳಗಿನ ಒಂದು ಎಳೆಗೂ ಬ್ಲೇಡು ತಾಗಿಸಲಿಲ್ಲ. ತುದಿ ಕೊಳವೆಯ ಕೊನೆ ಮುಟ್ಟಿತೇ ಎಂದು ಲಗ್ಗಿನ ಕುತ್ತಿಗೆಯ ಪುಟ್ಟ ತೂತಿನಲ್ಲಿ ಇಣುಕಿದ. ಆರು ಮೂಲೆಯ ಡೈ ಕೂರಿಸಿ, ಅದರ ನಂಬರು ಲಗ್ಗಿಗೆ ಹೊಂದುವುದನ್ನು ಖಚಿತ ಮಾಡಿಕೊಂಡು, ಮೊದಲ ಒತ್ತು ಕಿವಿಯ ಹತ್ತಿರ, ಎರಡನೆಯದು ವೈರಿನ ಕಡೆಗೆ ಕೊಟ್ಟ.

ಚೆನ್ನಾಗಿ ಒತ್ತಿದ ಲಗ್ಗನ್ನು ಅಡ್ಡಲಾಗಿ ಕೊಯ್ದು ನೋಡಿದರೆ ದುಂಡಗಿದ್ದ ಎಳೆಗಳೆಲ್ಲ ಜೇನುಗೂಡಿನ ಕಣಗಳಂತೆ ಒಂದಕ್ಕೊಂದು ಅಂಟಿ ಕೂತಿರುತ್ತವೆ, ನಡುವೆ ಗಾಳಿಗೂ ಜಾಗವಿಲ್ಲ. ಡೈ ದೊಡ್ಡದಾದರೆ ವೈರು ಕಿತ್ತು ಬರುತ್ತದೆ. ಚಿಕ್ಕದಾದರೆ ಲಗ್ಗಿನ ಪಕ್ಕಗಳಲ್ಲಿ ಲೋಹ ರೆಕ್ಕೆಯಂತೆ ಉಕ್ಕಿ, ಒಳಗಿನ ಎಳೆಗಳು ಜಜ್ಜಿಹೋಗುತ್ತವೆ. ಒತ್ತುವ ಬದಲು ಸೋಲ್ಡರ್ ಸುರಿದರಾಗದೇ ಎಂದು ಕೇಳಿದೆ. ತವರ-ಸೀಸದ ಸೋಲ್ಡರ್ 183 ಡಿಗ್ರಿಯಲ್ಲೇ ಕರಗಲು ಶುರುವಾಗುತ್ತದೆ. ಶಾರ್ಟ್ ಆಗಿ ಕೇಬಲ್ ಕಾದ ದಿನ, ಹಿಡಿತ ಬೇಕಾದ ಹೊತ್ತಿನಲ್ಲೇ ಅದು ಕೈಬಿಟ್ಟೀತು. ಹುಡುಗ ಇಷ್ಟೆಲ್ಲ ವಿವರಿಸಲಿಲ್ಲ, ನಕ್ಕು ಸುಮ್ಮನಾದ.

ಕೊನೆಗೆ ಬೋಲ್ಟು. ಲಗ್ಗಿನ ಕಿವಿ ನೇರವಾಗಿ ತಾಮ್ರದ ಪಟ್ಟಿಯ ಮೇಲೇ ಕೂರಬೇಕು, ನಡುವೆ ವಾಷರ್ ನುಸುಳಕೂಡದು. ನಾನು ಅದನ್ನೂ ಹಾಕಿದ್ದೆ.

ಲಗ್ ತರಲು ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೇ ಹೋಗಿ, ನಿಮ್ಮೂರಿನ ಪಂಪ್‌ಸೆಟ್ ಅಂಗಡಿಗೇ ಹೋಗಿ, ಅಂದಾಜಿನ ಅಳತೆ ಹೇಳಬೇಡಿ. ಗೇಣುದ್ದದ ಕೇಬಲ್ ತುಂಡು, ಜೊತೆಗೆ ಆ ಬೋಲ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಇಕ್ಕಳ ಮನೆಯಲ್ಲೇ ಇರಲಿ.