ಬಡ್ತಿಯ ಏಣಿ ಮತ್ತು ಅದರ ಕೆಳಗಿನ ಮೆಟ್ಟಿಲು

ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಶಾಲೆಗಳಲ್ಲಿ ಪ್ರತಿವರ್ಷ ನಡೆಯುವ ಇಲಾಖಾ ಕ್ರೀಡಾಕೂಟಗಳಿಗೆ ಎಲ್ಲರಿಗೂ ಪರಿಚಿತವಾದ ಒಂದು ಕ್ರಮವಿದ್ದು, ಹೋಬಳಿ ಮಟ್ಟದಲ್ಲಿ ಗೆದ್ದ ತಂಡವು ತಾಲ್ಲೂಕು ಮಟ್ಟಕ್ಕೂ ಅಲ್ಲಿ ಗೆದ್ದದ್ದು ಜಿಲ್ಲಾ ಮಟ್ಟಕ್ಕೂ ಹೋಗಿ, ಅದೃಷ್ಟವಿದ್ದರೆ ವಿಭಾಗ ಹಾಗೂ ರಾಜ್ಯ ಮಟ್ಟವನ್ನೂ ಕಂಡು ಬರುತ್ತದೆ. ಆದರೆ ಮರುವರ್ಷ ಶಾಲೆ ಬಾಗಿಲು ತೆರೆದೊಡನೆ, ರಾಜ್ಯ ಮಟ್ಟವನ್ನು ಮುಟ್ಟಿ ಬಂದ ತಂಡವೂ ಮೊದಲ ಪಂದ್ಯದಲ್ಲೇ ಸೋತು ಮನೆಗೆ ಮರಳಿದ್ದ ತಂಡವೂ ಮತ್ತೆ ಒಂದೇ ಗೆರೆಯ ಮೇಲೆ ನಿಲ್ಲಬೇಕಾಗುತ್ತದೆ. ಹಿಂದಿನ ವರ್ಷದ ಗೆಲುವು ಪ್ರಮಾಣಪತ್ರದಲ್ಲಿ ಉಳಿಯುತ್ತದೆಯೇ ಹೊರತು ತಂಡದ ಸ್ಥಾನಮಾನದಲ್ಲಿ ಉಳಿಯುವುದಿಲ್ಲ. ಫುಟ್‌ಬಾಲ್ ಜಗತ್ತು ಒಂದು ಶತಮಾನಕ್ಕೂ ಹೆಚ್ಚಿನ ಅವಧಿಯಲ್ಲಿ ರೂಪಿಸಿಕೊಂಡಿರುವ ಲೀಗ್ ಪದ್ಧತಿಯು ಈ ಕ್ರಮಕ್ಕಿಂತ ಭಿನ್ನವಾದುದು, ಮತ್ತು ಮಹಿಳಾ ಫುಟ್‌ಬಾಲ್ ಕ್ಲಬ್ಬೊಂದಕ್ಕೆ ಬಡ್ತಿ ತಂದುಕೊಡುವ ಋತುವು ಏಕೆ ಅಷ್ಟು ಮಹತ್ವದ್ದೆಂಬುದು ತಿಳಿಯಬೇಕಾದರೆ ಈ ಭಿನ್ನತೆಯಿಂದಲೇ ಹೊರಡಬೇಕಾಗುತ್ತದೆ.

ಲೀಗ್ ಎಂದರೆ ಪ್ರತಿ ತಂಡವೂ ಉಳಿದೆಲ್ಲ ತಂಡಗಳೊಡನೆ, ಸಾಮಾನ್ಯವಾಗಿ ಒಮ್ಮೆ ತನ್ನ ಊರಿನಲ್ಲಿ ಮತ್ತೊಮ್ಮೆ ಎದುರಾಳಿಯ ಊರಿನಲ್ಲಿ, ಆಡುವ ಸ್ಪರ್ಧೆ. ಗೆಲುವಿಗೆ ಮೂರು ಅಂಕ, ಸಮಬಲಕ್ಕೆ ಒಂದು, ಸೋಲಿಗೆ ಸೊನ್ನೆ. ಒಂದು ದಿನದ ಅದೃಷ್ಟ ಇಲ್ಲಿ ನಡೆಯದು. ತಿಂಗಳುಗಟ್ಟಲೆ ಸಮನಾಗಿ ಆಡಿದ ತಂಡವೇ ಪಟ್ಟಿಯ ಮೇಲ್ತುದಿಯಲ್ಲಿ ಉಳಿಯುತ್ತದೆ. ಇಂತಹ ಲೀಗುಗಳನ್ನು ಒಂದರ ಕೆಳಗೊಂದು ದರ್ಜೆಗಳಾಗಿ ಜೋಡಿಸಿ, ಋತುವಿನ ಕೊನೆಯಲ್ಲಿ ಕೆಳದರ್ಜೆಯ ಮೊದಲಿಗರನ್ನು ಮೇಲಕ್ಕೇರಿಸುವುದನ್ನು ಬಡ್ತಿ ಎಂದೂ, ಮೇಲ್ದರ್ಜೆಯ ಕೊನೆಯವರನ್ನು ಕೆಳಗಿಳಿಸುವುದನ್ನು ಹಿಂಬಡ್ತಿ ಎಂದೂ ಕರೆಯುತ್ತಾರೆ. ಬಹುಕಾಲ ಕೂಡ್ಲಿಗಿ ತಾಲ್ಲೂಕಿನೊಳಗಿದ್ದು 2018ರಲ್ಲಿ ತಾನೇ ತಾಲ್ಲೂಕು ಕೇಂದ್ರವಾದ ಕೊಟ್ಟೂರಿನವರಿಗೆ ಬಡ್ತಿಯ ಅರ್ಥವನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಹೆಸರು ಬದಲಾದದ್ದು ಒಂದು ದಿನದ ಸಂಭ್ರಮವಾದರೆ, ಅದರ ಹಿಂದೆಯೇ ಬರಬೇಕಾದ ಕಚೇರಿ, ಸಿಬ್ಬಂದಿ, ಅನುದಾನಗಳದು ವರ್ಷಗಳ ಕೆಲಸ. ಊರುಗಳಿಗೆ ಹಿಂಬಡ್ತಿಯ ಭಯವಿರುವುದಿಲ್ಲ, ಫುಟ್‌ಬಾಲ್ ಕ್ಲಬ್ಬುಗಳಿಗೆ ಅದು ಸದಾ ಇರುತ್ತದೆ ಎಂಬುದಷ್ಟೇ ವ್ಯತ್ಯಾಸ.

ಬಡ್ತಿಯ ಋತುವೆಂದರೆ ಹೇಗಿರುತ್ತದೆ ಎಂಬುದಕ್ಕೆ ಇತ್ತೀಚಿನ ದಶಕಗಳಲ್ಲಿ ಹೆಚ್ಚು ಮಾತಿಗೆ ಬಂದ ಉದಾಹರಣೆ ಇಂಗ್ಲೆಂಡಿನದು. 2018ರಲ್ಲಿ ಮಹಿಳಾ ತಂಡವನ್ನು ಹೊಸದಾಗಿ ಕಟ್ಟಿದ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್, ಕೇಸಿ ಸ್ಟೋನಿ ಎಂಬ ಮಾಜಿ ಆಟಗಾರ್ತಿಯನ್ನು ತರಬೇತುದಾರರನ್ನಾಗಿ ನೇಮಿಸಿ, ಎರಡನೆಯ ದರ್ಜೆಯಾದ ಚಾಂಪಿಯನ್‌ಷಿಪ್‌ನಲ್ಲಿ ಆಡಲಿಳಿಯಿತು. ಮೊದಲ ಲೀಗ್ ಪಂದ್ಯದಲ್ಲೇ ಆಸ್ಟನ್ ವಿಲ್ಲಾ ತಂಡವನ್ನು 12-0 ಗೋಲುಗಳಿಂದ ಸೋಲಿಸಿದ ಈ ತಂಡವು ಋತುವಿನ 20 ಪಂದ್ಯಗಳಲ್ಲಿ 18ನ್ನು ಗೆದ್ದು, ಒಂದನ್ನು ಸಮಬಲಗೊಳಿಸಿ, ಒಂದರಲ್ಲಿ ಮಾತ್ರ ಸೋತು, 98 ಗೋಲುಗಳನ್ನು ಹೊಡೆದು ಏಳನ್ನಷ್ಟೇ ಬಿಟ್ಟುಕೊಟ್ಟು, 55 ಅಂಕಗಳೊಡನೆ 2019ರಲ್ಲಿ ಬಡ್ತಿ ಪಡೆಯಿತು. ಎರಡನೆಯ ಸ್ಥಾನದ ಟಾಟನ್‌ಹ್ಯಾಮ್ ಕೂಡ ಅದರೊಡನೆ ಮೇಲೇರಿತು. ಅಂಕಿಗಳು ಬೆರಗು ಹುಟ್ಟಿಸುವಂಥವೇ ಆದರೂ ಇದನ್ನು ಬರಿಗೈಯಿಂದ ಮೇಲೆದ್ದವರ ಸಾಹಸವೆಂದು ಹಾಡಿ ಹೊಗಳುವುದು ಸರಿಯಾಗದು, ಏಕೆಂದರೆ ಇದೇ ಕ್ಲಬ್ 2005ರಲ್ಲಿ ತನ್ನ ಮಹಿಳಾ ತಂಡವನ್ನು ಮುಚ್ಚಿ, ಹದಿಮೂರು ವರ್ಷಗಳ ನಂತರ ಮರಳಿದಾಗ ಏಣಿಯ ಬುಡದಿಂದ ಹತ್ತದೆ, ಪರವಾನಗಿಯ ಬಲದಿಂದ ನೇರವಾಗಿ ಎರಡನೆಯ ದರ್ಜೆಯಲ್ಲಿ ಕಾಲಿಟ್ಟಿತ್ತು. ಹಣವಿದ್ದವರಿಗೆ ಕೆಳಗಿನ ಮೆಟ್ಟಿಲುಗಳು ಬೇಕಾಗುವುದಿಲ್ಲ. ಅವು ಬೇಕಾಗುವುದು ಉಳಿದವರಿಗೆ.

ಆ ಉಳಿದವರ ಕಥೆ ಅದೇ ಇಂಗ್ಲೆಂಡಿನಲ್ಲಿ ಕಹಿಯಾದದ್ದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪ್ರೆಸ್ಟನ್ ನಗರದ ಡಿಕ್, ಕೆರ್ ಕಾರ್ಖಾನೆಯ ಕೆಲಸಗಾರ್ತಿಯರು ಕಟ್ಟಿದ ತಂಡದ ಪಂದ್ಯವನ್ನು 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ ಸುಮಾರು 53,000 ಜನರು ನೋಡಿದರು. ಒಂದು ವರ್ಷ ಕಳೆಯುವಷ್ಟರಲ್ಲಿ, 1921ರ ಡಿಸೆಂಬರ್‌ನಲ್ಲಿ, ಅಲ್ಲಿನ ಫುಟ್‌ಬಾಲ್ ಸಂಸ್ಥೆಯು ಈ ಆಟ ಹೆಂಗಸರಿಗೆ ಒಗ್ಗುವಂಥದ್ದಲ್ಲವೆಂದು ತೀರ್ಮಾನಿಸಿ, ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳನ್ನು ಮಹಿಳೆಯರಿಗೆ ಮುಚ್ಚಿತು. ಆ ನಿರ್ಬಂಧ ತೆರವಾಗಲು ಸುಮಾರು ಐವತ್ತು ವರ್ಷ ಬೇಕಾಯಿತು. ಆಟಗಾರ್ತಿಯರಿಗಾಗಲಿ ಪ್ರೇಕ್ಷಕರಿಗಾಗಲಿ ಅಲ್ಲಿ ಕೊರತೆಯಿರಲಿಲ್ಲ, ಕಿತ್ತುಕೊಂಡದ್ದು ಮೈದಾನವನ್ನು ಎಂಬ ಸಂಗತಿಯನ್ನು ಈ ಲೇಖನದ ಮುಂದಿನ ಭಾಗಕ್ಕಾಗಿ ನೆನಪಿನಲ್ಲಿಡುವುದು ಒಳಿತು.

ಭಾರತದಲ್ಲಿ ಮಹಿಳಾ ಫುಟ್‌ಬಾಲ್‌ಗೆ ಸಂಘಟಿತ ರೂಪ ಬಂದದ್ದು 1975ರ ಹೊತ್ತಿಗೆ. ಕೆಲವೇ ವರ್ಷಗಳಲ್ಲಿ ಭಾರತ ತಂಡವು ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನಕ್ಕೇರಿತು, 1983ರಲ್ಲಿ ಮತ್ತೊಮ್ಮೆ ಅದೇ ಸಾಧನೆಯನ್ನು ಮಾಡಿತು. ಆ ತಲೆಮಾರಿನಲ್ಲಿ ಭಾರತದ ಗೋಲು ಕಾಯ್ದವರಲ್ಲಿ ಕರ್ನಾಟಕದ ಚಿತ್ರಾ ಗಂಗಾಧರನ್ ಒಬ್ಬರು. ಇಷ್ಟಾದರೂ ರಾಷ್ಟ್ರೀಯ ಮಟ್ಟದ ಕ್ಲಬ್ ಸ್ಪರ್ಧೆಯೊಂದು ಹುಟ್ಟಲು 2017ರ ಜನವರಿಯವರೆಗೆ ಕಾಯಬೇಕಾಯಿತು. ಇಂಡಿಯನ್ ವಿಮೆನ್ಸ್ ಲೀಗ್ (ಐಡಬ್ಲ್ಯುಎಲ್) ಎಂಬ ಈ ಸ್ಪರ್ಧೆಯ ಮೊದಲ ಆವೃತ್ತಿಯಲ್ಲಿ ಆಡಿದ್ದು ಆರೇ ತಂಡಗಳು, ಆಡಿದ್ದು ದೆಹಲಿಯಲ್ಲಿ, ಗೆದ್ದದ್ದು ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್. ಹೆಸರಿನಲ್ಲಿ ಲೀಗ್ ಎಂದಿದ್ದರೂ ಹಲವು ವರ್ಷಗಳ ಕಾಲ ಇದು ಎಲ್ಲ ತಂಡಗಳೂ ಒಂದೆಡೆ ಸೇರಿ ಕೆಲವು ವಾರಗಳಲ್ಲಿ ಮುಗಿಸುವ ಜಾತ್ರೆಯಂತಿತ್ತು. 2020ರ ಆವೃತ್ತಿ ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆದು, ಫೆಬ್ರವರಿ 14ರ ಅಂತಿಮ ಪಂದ್ಯದಲ್ಲಿ ಕೇರಳದ ಗೋಕುಲಂ ತಂಡವು ಮಣಿಪುರದ ಕ್ರಿಪ್ಸಾ ತಂಡವನ್ನು 3-2ರಿಂದ ಮಣಿಸಿತು. ಜಾತ್ರೆ ಮುಗಿದ ಮೇಲೆ ಅಂಗಡಿಗಳು ಎದ್ದುಹೋಗುವಂತೆ, ಸ್ಪರ್ಧೆ ಮುಗಿದೊಡನೆ ತಂಡಗಳೂ ಚದುರುತ್ತಿದ್ದವು. ಆಟಗಾರ್ತಿಗೆ ಕೆಲವು ವಾರಗಳ ಕರಾರು ಸಿಕ್ಕರೆ ಉಳಿದ ತಿಂಗಳುಗಳನ್ನು ತನ್ನ ದಾರಿಯನ್ನು ತಾನೇ ನೋಡಿಕೊಂಡು ಕಳೆಯಬೇಕಿತ್ತು.

ನಿಜವಾದ ತಿರುವು ಬಂದದ್ದು 2023-24ರ ಋತುವಿನಲ್ಲಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆ ವರ್ಷ ಮೇಲ್ದರ್ಜೆಯನ್ನು ಏಳು ತಂಡಗಳಿಗೆ ಸೀಮಿತಗೊಳಿಸಿ, ತಂಡಗಳು ತಂತಮ್ಮ ಊರಿನಲ್ಲೂ ಎದುರಾಳಿಗಳ ಊರಿನಲ್ಲೂ ಆಡುವ ಏರ್ಪಾಟನ್ನು ಮೊದಲ ಬಾರಿಗೆ ತಂದಿತಲ್ಲದೆ, ಅದರ ಕೆಳಗೆ ‘ಐಡಬ್ಲ್ಯುಎಲ್ 2’ ಎಂಬ ಎರಡನೆಯ ದರ್ಜೆಯನ್ನೂ ಆರಂಭಿಸಿತು. ರಾಜ್ಯ ಸಂಸ್ಥೆಗಳು ತಮ್ಮ ಲೀಗುಗಳಿಂದ ಆರಿಸಿ ಕಳುಹಿಸಿದ ಕ್ಲಬ್ಬುಗಳು ಈ ಎರಡನೆಯ ದರ್ಜೆಯಲ್ಲಿ ಮೊದಲು ಗುಂಪುಗಳಲ್ಲಿಯೂ ನಂತರ ಅಂತಿಮ ಸುತ್ತಿನಲ್ಲಿಯೂ ಸೆಣಸಿ, ಮೊದಲೆರಡು ಸ್ಥಾನ ಪಡೆದವು ಮೇಲೇರಬೇಕು ಎಂಬುದು ನಿಯಮ. ಹಾಗೆ ಮೊದಲು ಬಡ್ತಿ ಪಡೆದವು ಕೋಲ್ಕತ್ತದ ಶ್ರೀಭೂಮಿ ಮತ್ತು ಒಡಿಶಾದ ನೀತಾ ಫುಟ್‌ಬಾಲ್ ಅಕಾಡೆಮಿ. ಮರುವರ್ಷ ದೆಹಲಿಯ ಗಢವಾಲ್ ಯುನೈಟೆಡ್ ಹಾಗೂ ಗೋವಾದ ಸೇಸಾ ಅಕಾಡೆಮಿ. ಇವುಗಳಲ್ಲಿ ಯಾವುದೂ ಹೆಸರಾಂತ ಫ್ರಾಂಚೈಸಿಯಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಏಣಿಯು ಹತ್ತಿಸುವಂತೆ ಇಳಿಸುತ್ತದೆ ಕೂಡ. 2023-24ರಲ್ಲಿ 12 ಪಂದ್ಯಗಳಿಂದ 31 ಅಂಕ ಗಳಿಸಿ ಚಾಂಪಿಯನ್ ಆದ ಒಡಿಶಾ ಎಫ್‌ಸಿ, ಈಸ್ಟ್ ಬೆಂಗಾಲ್ ಕ್ಲಬ್ ಪ್ರಶಸ್ತಿ ಗೆದ್ದ 2024-25ರ ಋತುವಿನ ಕೊನೆಯಲ್ಲಿ ಹಾಪ್ಸ್ ಎಂಬ ದೆಹಲಿಯ ಕ್ಲಬ್ಬಿನೊಡನೆ ಹಿಂಬಡ್ತಿಗೆ ಒಳಗಾಯಿತು. ಅದೇ ವರ್ಷ ಹೊಸದಾಗಿ ಮೇಲೇರಿ ಬಂದಿದ್ದ ಶ್ರೀಭೂಮಿ ಮತ್ತು ನೀತಾ ಎರಡೂ ತಮ್ಮ ಸ್ಥಾನವನ್ನು ಉಳಿಸಿಕೊಂಡವು. ಹನ್ನೆರಡು ತಿಂಗಳ ಹಿಂದೆ ಕಿರೀಟ ತೊಟ್ಟವರು ಇಳಿದುಹೋಗಿ, ಕೆಳಗಿನಿಂದ ಬಂದವರು ನೆಲೆಯೂರಿದ ಈ ಒಂದು ಋತುವು ಪದ್ಧತಿಯ ಪರವಾಗಿ ಯಾವ ವಾದಕ್ಕಿಂತಲೂ ಬಲವಾಗಿ ನಿಲ್ಲುತ್ತದೆ. ಬಡ್ತಿಯ ಫಲವಾದರೂ ಕಪ್ಪಿನಂತೆ ಕಪಾಟಿನಲ್ಲಿಡುವಂಥದ್ದಲ್ಲ. 2024-25ರಲ್ಲಿದ್ದಂತಹ ಎಂಟು ತಂಡಗಳ ಮೇಲ್ದರ್ಜೆಗೆ ಏರಿದ ಕ್ಲಬ್ಬಿಗೆ ಮುಂದಿನ ವರ್ಷ 14 ಪಂದ್ಯಗಳು ಖಚಿತವಾಗುತ್ತವೆ, ಅಷ್ಟು ಪಂದ್ಯಗಳಿರುವುದರಿಂದ ಆಟಗಾರ್ತಿಯರೊಡನೆ ತಿಂಗಳುಗಳ ಕರಾರು ಮಾಡಿಕೊಳ್ಳಲೇಬೇಕಾಗುತ್ತದೆ. ಮೇಲ್ದರ್ಜೆಯ ಕ್ಲಬ್ಬುಗಳು ಕನಿಷ್ಠ ಹತ್ತು ಮಂದಿ ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಕರಾರು ನೀಡಬೇಕೆಂದು ಫೆಡರೇಷನ್ 2023ರಲ್ಲಿ ತೀರ್ಮಾನಿಸಿತ್ತು. ತಿಂಗಳ ಲೆಕ್ಕದಲ್ಲಿ ಇದು ಇಪ್ಪತ್ತೇಳು ಸಾವಿರ ರೂಪಾಯಿಯನ್ನೂ ಮುಟ್ಟದ ಮೊತ್ತವಾದರೂ, ಆಟವನ್ನು ಉದ್ಯೋಗವೆಂದು ಮನೆಯವರ ಮುಂದೆ ಹೇಳಲು ಹೆಣ್ಣುಮಗಳಿಗೊಂದು ಆಧಾರವಾಗುವ ಮೊತ್ತ.

ಕರ್ನಾಟಕದ ಸ್ಥಿತಿ ಇದರಲ್ಲಿ ವಿಚಿತ್ರವಾದದ್ದು. ಮೇಲಿನ ಮೆಟ್ಟಿಲಿನಲ್ಲಿ ರಾಜ್ಯಕ್ಕೆ ಗೌರವದ ಸ್ಥಾನವೇ ಇದೆ: ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ರಾಜ್ಯ ಲೀಗಿನ ಹಾದಿಯಲ್ಲಿ ರಾಷ್ಟ್ರೀಯ ಸ್ಪರ್ಧೆಗೆ ಬಂದು, 16 ತಂಡಗಳು ಆಡಿದ 2022-23ರ ಆವೃತ್ತಿಯಲ್ಲಿ, ಮಣಿಪುರದ ಮಾಜಿ ಆಟಗಾರ್ತಿ ಲಾಂಗಮ್ ಚಾವೋಬಾ ದೇವಿ ಅವರ ತರಬೇತಿಯಲ್ಲಿ ಅಂತಿಮ ಪಂದ್ಯವನ್ನು ಮುಟ್ಟಿತು. 2023ರ ಮೇ 21ರಂದು ಅಹಮದಾಬಾದಿನಲ್ಲಿ ನಡೆದ ಆ ಪಂದ್ಯದಲ್ಲಿ ಗೋಕುಲಂ ಎದುರು 5-0ರಿಂದ ಸೋತರೂ, ಮರುವರ್ಷ ದರ್ಜೆಗಳು ರಚನೆಯಾದಾಗ ಮೇಲ್ದರ್ಜೆಯ ಏಳು ತಂಡಗಳಲ್ಲಿ ಅದು ಒಂದಾಯಿತು, 2024-25ರಲ್ಲೂ ತನ್ನ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಚಾವೋಬಾ ದೇವಿ ಅವರು ಮುಂದೆ ಭಾರತ ತಂಡದ ಮುಖ್ಯ ತರಬೇತುದಾರರಾದರು. ಆದರೆ ತಂಡದ ಪಟ್ಟಿಯನ್ನು ಓದಿದರೆ ಮಣಿಪುರ, ತಮಿಳುನಾಡು ಮೊದಲಾದ ಕಡೆಯ ಹೆಸರುಗಳೇ ಎದ್ದು ಕಾಣುತ್ತವೆ. ಇದು ಕ್ಲಬ್ಬಿನ ತಪ್ಪಲ್ಲ. ಗೆಲ್ಲಬಯಸುವ ಕ್ಲಬ್ಬು ಆಟಗಾರ್ತಿಯರು ತಯಾರಾಗುವ ಕಡೆಯಿಂದಲೇ ಅವರನ್ನು ಕರೆತರುತ್ತದೆ.

ಅವರು ಇಲ್ಲಿ ತಯಾರಾಗದಿರುವುದಕ್ಕೆ ಕಾರಣ ಕೆಳಗಿನ ಮೆಟ್ಟಿಲಿನಲ್ಲಿದೆ. ರಾಜ್ಯ ಫುಟ್‌ಬಾಲ್ ಸಂಸ್ಥೆ ನಡೆಸುವ ಮಹಿಳಾ ಲೀಗಿನ ಬಹುಪಾಲು ಕ್ಲಬ್ಬುಗಳು ಬೆಂಗಳೂರಿನವು. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರದಂತಹ ಬಡಾವಣೆಗಳು ಆ ನಗರಕ್ಕೆ ಫುಟ್‌ಬಾಲ್ ಸಂಸ್ಕೃತಿಯನ್ನು ಕೊಟ್ಟಿವೆ, ಕೆಜಿಎಫ್, ಹುಬ್ಬಳ್ಳಿ, ಬೆಳಗಾವಿ, ಮಂಗಳೂರುಗಳಿಗೂ ತಮ್ಮದೇ ಆದ ಪರಂಪರೆಯಿದೆ. ಮೊದಲಿಗೆ ಹೆಸರಿಸಿದ, ಹಳೆಯ ಬಳ್ಳಾರಿ ಜಿಲ್ಲೆಯ ಪಶ್ಚಿಮದ ಐದು ತಾಲ್ಲೂಕುಗಳಿಗೆ ಮಾತ್ರ ಈ ಆಟ ಇನ್ನೂ ದೂರದ್ದು. ಹಳೆಯ ಜಿಲ್ಲೆಯ ಗಡಿಯೊಳಗೆಯೇ, ತೋರಣಗಲ್ಲಿನ ಬಳಿ, ಜೆಎಸ್‌ಡಬ್ಲ್ಯು ಸಮೂಹದ ಕ್ರೀಡಾ ಸಂಸ್ಥೆಯೂ ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿಯೂ ಇವೆ ಎಂಬುದು ಈ ದೂರವನ್ನು ಇನ್ನಷ್ಟು ಎದ್ದು ಕಾಣಿಸುತ್ತದೆ.

ಇಲ್ಲಿನ ಹೆಣ್ಣುಮಕ್ಕಳಿಗೆ ಆಟವೇ ಒಗ್ಗದೆಂದು ಯಾರೂ ಹೇಳಲಾರರು. ಖೊಖೊ, ಕಬಡ್ಡಿ, ವಾಲಿಬಾಲ್ ಇಲ್ಲಿನ ಶಾಲೆಗಳ ಆಟಗಳೇ. ಅಡ್ಡಿಯಿರುವುದು ಸರಳವಾದ ನೆಲದ ಲೆಕ್ಕದಲ್ಲಿ. ಮಹಿಳೆಯರ ಕಬಡ್ಡಿ ಅಂಕಣಕ್ಕೆ 12 ಮೀಟರ್ ಉದ್ದ, 8 ಮೀಟರ್ ಅಗಲ ಸಾಕು, ಅಂದರೆ ಒಂದು ಗುಂಟೆಯೊಳಗೆ ಆಟ ಮುಗಿಯುತ್ತದೆ; 105 ಮೀಟರ್ ಉದ್ದ, 68 ಮೀಟರ್ ಅಗಲದ ಪೂರ್ಣ ಪ್ರಮಾಣದ ಫುಟ್‌ಬಾಲ್ ಮೈದಾನಕ್ಕೆ ಎಪ್ಪತ್ತು ಗುಂಟೆ, ಒಂದು ಮುಕ್ಕಾಲು ಎಕರೆ ಬೇಕು. ಕಾಲೇಜು ಮೈದಾನವೋ ತಾಲ್ಲೂಕು ಕ್ರೀಡಾಂಗಣವೋ ಇದ್ದಲ್ಲಿ, ಸಂಜೆಯ ಹೊತ್ತು ಅದು ಹುಡುಗರ ಕ್ರಿಕೆಟ್ಟಿನ ಪಾಲಾಗಿರುತ್ತದೆ. 1921ರಲ್ಲಿ ಇಂಗ್ಲೆಂಡಿನವರು ಠರಾವು ಮಾಡಿ ಕಿತ್ತುಕೊಂಡದ್ದನ್ನು ಇಲ್ಲಿ ಠರಾವಿಲ್ಲದೆಯೇ ಕಿತ್ತುಕೊಳ್ಳಲಾಗಿದೆ ಎಂದರೆ ಮಾತು ಕಟುವಾದೀತು, ಸುಳ್ಳಾಗದು. ಎರಡನೆಯ ಅಡ್ಡಿ ವಯಸ್ಸಿನದು: ಎಸ್‌ಎಸ್‌ಎಲ್‌ಸಿಯೋ ಪಿಯುಸಿಯೋ ಮುಗಿದ ಮೇಲೆ ಶಾಲಾ ಕ್ರೀಡಾಕೂಟದ ಬಾಗಿಲು ಮುಚ್ಚುತ್ತದೆ, ದಸರಾ ಕ್ರೀಡಾಕೂಟವು ವರ್ಷಕ್ಕೊಮ್ಮೆ ಬಂದು ಹೋಗುತ್ತದೆ, ಹದಿನೆಂಟರ ಹುಡುಗಿ ವಾರವಾರ ಆಡಬಹುದಾದ ತಂಡವೆಂಬುದು ಇರುವುದೇ ಇಲ್ಲ.

ಇದನ್ನು ಸರಿಪಡಿಸಲು ಅಕಾಡೆಮಿಯಾಗಲಿ ಹುಲ್ಲುಹಾಸಾಗಲಿ ಮೊದಲು ಬೇಕಾಗಿಲ್ಲ. ಪ್ರತಿ ಬದಿಗೆ ಏಳು ಮಂದಿ ಆಡುವ ಕಿರು ಫುಟ್‌ಬಾಲ್‌ಗೆ ಅರ್ಧ ಮೈದಾನ ಸಾಕು. ಈ ಐದು ತಾಲ್ಲೂಕುಗಳಿಂದ ಐದು ಮಹಿಳಾ ತಂಡಗಳು ಹೊರಟು, ಪ್ರತಿ ತಂಡವೂ ಉಳಿದ ನಾಲ್ಕರೊಡನೆ ತನ್ನೂರಿನಲ್ಲೊಮ್ಮೆ ಅವರೂರಿನಲ್ಲೊಮ್ಮೆ ಆಡಿದರೆ ಒಟ್ಟು 20 ಪಂದ್ಯಗಳಾಗುತ್ತವೆ. ಭಾನುವಾರಕ್ಕೆ ಎರಡರಂತೆ, ಒಂದು ತಂಡಕ್ಕೆ ಸರದಿಯ ಬಿಡುವು ಕೊಟ್ಟು ಆಡಿಸಿದರೆ, ನವೆಂಬರಿನಲ್ಲಿ ಆರಂಭಿಸಿ ವಾರ್ಷಿಕ ಪರೀಕ್ಷೆಗಳು ಬರುವ ಮುನ್ನವೇ ಹತ್ತು ವಾರಗಳಲ್ಲಿ ಋತು ಮುಗಿಯುತ್ತದೆ. ಎರಡನೆಯ ವರ್ಷ ಹೋಬಳಿ ತಂಡಗಳಿಗೊಂದು ಕೆಳದರ್ಜೆಯನ್ನು ಸೇರಿಸಿ, ಅದರ ಮೊದಲ ತಂಡವನ್ನು ಮೇಲೇರಿಸಿ ಮೇಲಿನ ಕೊನೆಯ ತಂಡವನ್ನು ಇಳಿಸುವ ನಿಯಮ ಮಾಡಿದರೆ, ಚಿಗಟೇರಿಯೋ ಗುಡೇಕೋಟೆಯೋ ತಾಲ್ಲೂಕು ಕೇಂದ್ರವೊಂದನ್ನು ಕೆಳಗಿಳಿಸಿ ತಾನು ಮೇಲೇರುವ ದಿನವೂ ಬಂದೀತು. ಆ ಹತ್ತು ಭಾನುವಾರಗಳನ್ನು ಗೊತ್ತುಮಾಡಿ, ಆ ದಿನಗಳ ಸಂಜೆ ಮೈದಾನವನ್ನು ಹುಡುಗಿಯರಿಗೆ ಬಿಟ್ಟುಕೊಡಿಸುವ ಕೆಲಸವನ್ನು ಈ ಐದು ತಾಲ್ಲೂಕುಗಳ ದೈಹಿಕ ಶಿಕ್ಷಕರೂ ಊರಿನ ಕ್ರೀಡಾಸಕ್ತರೂ ಈ ವರ್ಷವೇ ಕೈಗೆತ್ತಿಕೊಳ್ಳಬೇಕು.