ಮನೆಯೊಳಗಿನ ಬೆರಳಚ್ಚು

ಸಾಗರದಿಂದ ಹೊಸನಗರದ ಕಡೆಗೆ ಹೋಗುವ ದಾರಿಯಲ್ಲಿ ಒಂಟಿಮನೆಯೊಂದಿದೆ ಎಂದುಕೊಳ್ಳಿ. ಎದುರಿಗೆ ಅಂಗಳ, ಕೆಳಗೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ಕೂಗಿದರೆ ಪಕ್ಕದ ಮನೆಗೆ ಕೇಳಿಸದು. ತೋಟ ಹಿಸ್ಸೆಯಾಗಿಲ್ಲ, ಅಣ್ಣ ತಮ್ಮಂದಿರ ನಡುವೆ ಮಾತು ನಿಂತು ವರ್ಷಗಳಾಗಿವೆ, ಪಾಲಿನ ದಾವೆ ಕೋರ್ಟಿನಲ್ಲಿದೆ. ಒಂದು ಬೆಳಗ್ಗೆ ಅಣ್ಣ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿದ್ದಾನೆ. ಊರಿಗೆ ಊರೇ ಒಂದು ಹೆಸರು ಹೇಳುತ್ತದೆ.

ಮನೆ ಕಲ್ಪಿತ. ತನಿಖಾಧಿಕಾರಿಗೆ ಎದುರಾಗುವ ತೊಡಕು ಮಾತ್ರ ನಿಜವಾದದ್ದು. ಹೊರಗಿನ ಕಳ್ಳ ನುಗ್ಗಿದ್ದರೆ ಬಾಗಿಲ ಮೇಲಿನ ಒಂದು ಬೆರಳಚ್ಚು ಸಾಕು, ಅವನ ಬೆರಳಿಗೆ ಅಲ್ಲೇನು ಕೆಲಸ ಎಂದು ಕೇಳಬಹುದು. ತಮ್ಮನ ಬೆರಳಚ್ಚು ಆ ಮನೆಯ ಬಾಗಿಲ ಮೇಲೂ ಇರುತ್ತದೆ, ಕತ್ತಿಯ ಹಿಡಿಯ ಮೇಲೂ ಇರುತ್ತದೆ. ಅದೇ ಕತ್ತಿಯಲ್ಲಿ ಅವನು ನಿನ್ನೆ ಸೊಪ್ಪು ಕಡಿದಿದ್ದಾನೆ. ಕೂದಲು, ಬೆವರು, ಹೆಜ್ಜೆಗುರುತು ಎಲ್ಲಕ್ಕೂ ಒಂದೇ ಉತ್ತರ: ಅವನು ಅಲ್ಲೇ ಬದುಕುವವನು. ಹಾಗಾಗಿ ಮನೆಯೊಳಗಿನ ಕೊಲೆಯಲ್ಲಿ ಹುಡುಕಬೇಕಾದದ್ದು ‘ಅವನು ಅಲ್ಲಿದ್ದ’ ಎನ್ನುವ ಗುರುತನ್ನಲ್ಲ. ಅಲ್ಲಿ ಬದುಕಿದ್ದರಿಂದಷ್ಟೇ ಉಂಟಾಗಲಾರದ ಗುರುತನ್ನು. ಒಗೆದು ಅಟ್ಟದ ಮೇಲೆ ತುರುಕಿಟ್ಟ ಲುಂಗಿಯ ಅಂಚಿನಲ್ಲಿ ಉಳಿದ ರಕ್ತ ಅಂಥದ್ದು, ಸತ್ತವನ ಉಗುರ ಸಂದಿಯಲ್ಲಿ ಸಿಕ್ಕಿದ ಚರ್ಮವೂ ಅಂಥದ್ದು.

ಇದಕ್ಕೆ ಮೊದಲ ಕೆಲವು ಗಂಟೆಗಳೇ ಬಂಡವಾಳ. ಮಲೆನಾಡಿನಲ್ಲಿ ಆ ಗಂಟೆಗಳನ್ನು ಎರಡು ಸಂಗತಿಗಳು ತಿನ್ನುತ್ತವೆ. ಒಂದು ಮಳೆ. ಆಷಾಢದ ಒಂದು ರಾತ್ರಿ ಸುರಿದರೆ ಅಂಗಳದ ರಕ್ತವೂ ಇಲ್ಲ, ಹೆಜ್ಜೆಯೂ ಇಲ್ಲ. ಇನ್ನೊಂದು, ನಾವೇ. ನೆಂಟರು ಬಂದು ಸೇರುತ್ತಾರೆ, ಹೆಣವನ್ನು ಜಗಲಿಗೆ ತಂದು ಮಲಗಿಸುತ್ತಾರೆ, ಯಾರೋ ಕೊಟ್ಟಿಗೆ ತೊಳೆಯುತ್ತಾರೆ. ‘ಹೃದಯಾಘಾತ ಇರಬೇಕು, ಪೊಲೀಸು ಗಿಲೀಸು ಬೇಡ, ಬೇಗ ಮುಗಿಸಿಬಿಡಿ’ ಎನ್ನುವ ಹಿರಿಯರೂ ಇರುತ್ತಾರೆ. ಅವರ ಮನಸ್ಸಿನಲ್ಲಿ ಇರುವುದು ಬಹುಮಟ್ಟಿಗೆ ಮನೆತನದ ಮಾನ, ದುರುದ್ದೇಶವಲ್ಲ. ಆದರೆ ಚಿತೆಗೆ ಹೋದ ದೇಹವನ್ನು ಮತ್ತೆ ಯಾರೂ ಪರೀಕ್ಷಿಸಲಾರರು. ಅನುಮಾನದ ಸಾವು ಎಂದು ಅನ್ನಿಸಿದ ಕೂಡಲೇ ಏನನ್ನೂ ಮುಟ್ಟದೆ ಠಾಣೆಗೆ ತಿಳಿಸಿ ಎಂದು ಪೊಲೀಸರು ಹೇಳುವುದು ಇದಕ್ಕೇ.

ದೇಹ ಹೇಳುವಷ್ಟನ್ನು ಬೇರೆ ಯಾವ ಸಾಕ್ಷಿಯೂ ಹೇಳದು. ನೇಣು ಹಾಕಿಕೊಂಡವರ ಕುತ್ತಿಗೆಯ ಗುರುತು ಸಾಮಾನ್ಯವಾಗಿ ಗಲ್ಲದ ಹತ್ತಿರ, ಓರೆಯಾಗಿ ಮೇಲಕ್ಕೆ ಏರಿ, ಗಂಟಿನ ಕಡೆ ಮಾಯವಾಗುತ್ತದೆ. ಹಗ್ಗ ಬಿಗಿದು ಕೊಂದ ಗುರುತು ಕೆಳಗೆ, ಅಡ್ಡಲಾಗಿ, ಕುತ್ತಿಗೆಯ ಸುತ್ತ ಬಳಸಿರುತ್ತದೆ. ಕೊಂದು ತೂಗುಹಾಕಿದಲ್ಲಿ ಈ ಕುರುಹುಗಳು ಬಹಳ ಸಲ ಅದನ್ನು ಹೊರಗೆಡಹುತ್ತವೆ. ಹೊಳೆಗೆ ಎಸೆದ ದೇಹವಾದರೆ ಮೂಳೆಯ ಮಜ್ಜೆಯಲ್ಲಿ ನೀರಿನ ಸೂಕ್ಷ್ಮಪಾಚಿ, ಅಂದರೆ ಡಯಾಟಮ್, ಇದೆಯೇ ಎಂದು ನೋಡುತ್ತಾರೆ. ಉಸಿರಾಡುತ್ತಲೇ ಮುಳುಗಿದವರಲ್ಲಿ ಅದು ಬಹಳ ಸಲ ರಕ್ತದ ಜೊತೆ ಮಜ್ಜೆಯವರೆಗೂ ಹೋಗಿರುತ್ತದೆ.

ಇನ್ನು ರಕ್ತದ ಬಟ್ಟೆ. ಒದ್ದೆಯಿದ್ದಾಗಲೇ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿದರೆ ಬೂಷ್ಟು ಹಿಡಿದು ಪರೀಕ್ಷೆಗೆ ಬಾರದಂತಾಗುತ್ತದೆ. ನೆರಳಲ್ಲಿ ಆರಿಸಿ, ಕಾಗದದ ಲಕೋಟೆಗೆ ಹಾಕಿ, ಬಟ್ಟೆಯಲ್ಲಿ ಹೊಲಿದು, ಪಂಚರ ಸಹಿಯ ಚೀಟಿ ಅಂಟಿಸಿ ಅರಗಿನ ಮುದ್ರೆ ಒತ್ತಬೇಕು. ಠಾಣೆಯಿಂದ ಪ್ರಯೋಗಾಲಯಕ್ಕೆ ಯಾರ ಕೈಯಲ್ಲಿ, ಯಾವ ದಿನ ಹೋಯಿತು ಎನ್ನುವುದಕ್ಕೆ ಬರವಣಿಗೆ ಇರಬೇಕು. ಈ ಸರಪಳಿಯ ಒಂದು ಕೊಂಡಿ ತಪ್ಪಿದರೂ ಎದುರು ವಕೀಲರು ಅಲ್ಲಿಗೇ ಕೈ ಹಾಕುತ್ತಾರೆ, ಹಾಕಬೇಕಾದದ್ದೂ ಹೌದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಈ ಮಹಜರು, ಜಪ್ತಿಗಳನ್ನು ವಿಡಿಯೊದಲ್ಲಿ ದಾಖಲಿಸಬೇಕು ಎನ್ನುತ್ತದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರೇ ಸ್ಥಳಕ್ಕೆ ಬರುವ ವ್ಯವಸ್ಥೆಯನ್ನೂ ಅದು ತಂದಿದೆ.

ಜಗಳದ ಹಿನ್ನೆಲೆ ಕಾಗದದಲ್ಲಿ ಸಿಗುತ್ತದೆ. ಪಹಣಿ, ಮ್ಯುಟೇಷನ್, ದಾವೆಯ ಪ್ರತಿ, ಹಿಂದೊಮ್ಮೆ ಹೊಡೆದಾಟವಾದಾಗ ಠಾಣೆಯಲ್ಲಿ ಬರೆದುಕೊಟ್ಟ ಮುಚ್ಚಳಿಕೆ. ಆದರೆ ವೈರ ಎನ್ನುವುದು ಎರಡಲಗಿನ ಕತ್ತಿ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಕೊಲ್ಲಲು ಅದು ಕಾರಣವಾದಂತೆ, ಸುಳ್ಳಾಗಿ ಸಿಲುಕಿಸಲೂ ಕಾರಣವಾಗಬಲ್ಲದು. ದೂರು ಕೊಡುವಾಗ ದುಃಖ ಮತ್ತು ಹಳೆಯ ಸಿಟ್ಟು ಎರಡೂ ಬಾಯಿಗೆ ಬರುತ್ತವೆ. ತಮ್ಮನ ಜೊತೆಗೆ ಅವನ ಹೆಂಡತಿ, ಭಾವ, ಕಾಲೇಜಿಗೆ ಹೋಗುವ ಮಗ ಎಲ್ಲರ ಹೆಸರೂ ಎಫ್‌ಐಆರ್‌ಗೆ ಬೀಳುತ್ತವೆ. ಒಬ್ಬೊಬ್ಬರ ಪಾತ್ರವನ್ನೂ ಬಿಡಿಬಿಡಿಯಾಗಿ ಅಳೆದು, ಇಲ್ಲದವರನ್ನು ಕೈಬಿಡುವ ಅಧಿಕಾರಿಯೇ ಒಳ್ಳೆಯ ತನಿಖಾಧಿಕಾರಿ ಎಂಬುದು ನನ್ನ ಗಟ್ಟಿ ನಂಬಿಕೆ. ಎಲ್ಲರನ್ನೂ ಸೇರಿಸಿದ ಕೇಸು ಕೊನೆಗೆ ನಿಜವಾದ ಆರೋಪಿಗೇ ಅನುಕೂಲವಾಗುತ್ತದೆ.

ಮೊಬೈಲು ಎಲ್ಲವನ್ನೂ ಹೇಳಿಬಿಡುತ್ತದೆ ಎನ್ನುವ ನಂಬಿಕೆಯೂ ಇಲ್ಲಿ ಅರ್ಧ ಸತ್ಯ. ಪೇಟೆಯಲ್ಲಿ ಟವರುಗಳು ಹತ್ತಿರ ಹತ್ತಿರ ಇರುತ್ತವೆ. ಶರಾವತಿ ಹಿನ್ನೀರಿನ ಹಳ್ಳಿಗಳಲ್ಲೋ ಆಗುಂಬೆಯ ಕಡೆಯಲ್ಲೋ ಒಂದೇ ಟವರಿನ ವ್ಯಾಪ್ತಿಯಲ್ಲಿ ಹಲವು ಊರುಗಳು. ಕರೆಗಳ ವಿವರ ‘ಈ ಸೀಮೆಯಲ್ಲಿದ್ದ’ ಎನ್ನಬಹುದು, ‘ಆ ಕೊಟ್ಟಿಗೆಯಲ್ಲಿದ್ದ’ ಎನ್ನಲಾರದು. ಯಾರು ಯಾರಿಗೆ ಎಷ್ಟು ಹೊತ್ತಿಗೆ ಕರೆ ಮಾಡಿದರು ಎನ್ನುವುದು ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

‘ಅವನೇ ಒಪ್ಪಿಕೊಂಡನಂತೆ’ ಎಂಬ ಸುದ್ದಿ ಊರಲ್ಲಿ ಹಬ್ಬಿದ ಮೇಲೆ ಕೇಸು ಮುಗಿಯಿತು ಎಂದೇ ಜನ ತಿಳಿಯುತ್ತಾರೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಹಿಂದಿನ ಸಾಕ್ಷ್ಯ ಕಾಯ್ದೆಯೂ ಹಾಗೆಂದಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ನೂ ಹಾಗೇ ಅನ್ನುತ್ತದೆ. ಒಂದೇ ಒಂದು ಕಿಂಡಿ ಇದೆ: ಆರೋಪಿ ಕೊಟ್ಟ ಮಾಹಿತಿಯಿಂದ ಹೊಸದೊಂದು ಸಂಗತಿ ಪತ್ತೆಯಾದರೆ, ಮಾತಿನ ಅಷ್ಟು ಭಾಗ ಮಾತ್ರ ಸಾಕ್ಷ್ಯ. ‘ಕೊಂದೆ’ ಎಂದದ್ದು ಬಿದ್ದುಹೋಗುತ್ತದೆ, ‘ಬಾವಿಯಲ್ಲಿ ಕತ್ತಿ ಹಾಕಿದ್ದೇನೆ’ ಎಂದದ್ದು ಕತ್ತಿ ಸಿಕ್ಕರೆ ಉಳಿಯುತ್ತದೆ.

ಈ ಕಿಂಡಿಯ ಬಲ ನೋಡಬೇಕಾದರೆ ಘಟ್ಟದಿಂದ ಬೆಂಗಳೂರಿಗೆ ಬರಬೇಕು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕೆರೆ 1991ರ ಮೇ ತಿಂಗಳ ನಂತರ ಯಾರ ಕಣ್ಣಿಗೂ ಬೀಳಲಿಲ್ಲ. ಎರಡನೇ ಗಂಡ ಸ್ವಾಮಿ ಶ್ರದ್ಧಾನಂದ ಕೇಳಿದವರಿಗೆಲ್ಲ ಬೇರೆ ಬೇರೆ ಕಥೆ ಹೇಳುತ್ತಿದ್ದ. 1992ರಲ್ಲಿ ಮಗಳು ಅಶೋಕನಗರ ಠಾಣೆಗೆ ದೂರು ಕೊಟ್ಟರು. 1994ರ ಮಾರ್ಚ್ ಕೊನೆಯಲ್ಲಿ, ಆತನೇ ತೋರಿಸಿದ ಜಾಗದಲ್ಲಿ, ರಿಚ್‌ಮಂಡ್ ರಸ್ತೆಯ ಮನೆಯ ಹಿತ್ತಲು ಅಗೆದಾಗ ಮರದ ಪೆಟ್ಟಿಗೆ, ಅದರೊಳಗೆ ಅಸ್ಥಿಪಂಜರ. ಅಗೆತವನ್ನು ವಿಡಿಯೊ ಮಾಡಿದ್ದರು. ತಲೆಬುರುಡೆಯನ್ನು ಫೋಟೊದೊಡನೆ ಹೊಂದಿಸಿ ನೋಡಿದರು, ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯದಲ್ಲಿ ಡಿಎನ್‌ಎ ಪರೀಕ್ಷೆಯಾಯಿತು. ಜೊತೆಗೆ ಕಾಗದದ ಸಾಕ್ಷಿ: ಹೆಂಡತಿ ಸತ್ತ ಮೇಲೂ ಆಕೆ ಕೊಟ್ಟಿದ್ದ ಪವರ್ ಆಫ್ ಅಟಾರ್ನಿಯನ್ನು ಬಳಸಿ ಆತ ಆಸ್ತಿ ಮಾರುತ್ತಿದ್ದ. ಕೊಲೆ ಕಂಡವರು ಒಬ್ಬರೂ ಇರಲಿಲ್ಲ. 2005ರಲ್ಲಿ ಮರಣದಂಡನೆ, 2008ರಲ್ಲಿ ಸುಪ್ರೀಂ ಕೋರ್ಟು ಅದನ್ನು ಜೀವವಿರುವವರೆಗಿನ ಸೆರೆವಾಸಕ್ಕೆ ಇಳಿಸಿತು.

ಇದೇ ಬಗೆಯ ಸಾಂದರ್ಭಿಕ ಸಾಕ್ಷ್ಯ ಸಾಲದೆ ಹೋದದ್ದೂ ಇದೆ. ಪುಣೆಯ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ ಹೊಸದಾಗಿ ಮದುವೆಯಾದ ಹೆಣ್ಣುಮಗಳು ವಿಷದಿಂದ ಸತ್ತಿದ್ದರು. ಕೆಳಗಿನ ಎರಡೂ ಕೋರ್ಟುಗಳು ಗಂಡನಿಗೆ ಮರಣದಂಡನೆ ಎಂದರೂ 1984ರಲ್ಲಿ ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಸನ್ನಿವೇಶಗಳ ಸರಪಳಿ ಆರೋಪಿ ನಿರಪರಾಧಿಯಾಗಿರಬಹುದು ಎನ್ನುವ ಪ್ರತಿಯೊಂದು ಸಾಧ್ಯತೆಯನ್ನೂ ಮುಚ್ಚಬೇಕು ಎಂಬ ಅಲ್ಲಿನ ಸೂತ್ರವನ್ನು ದೇಶದ ಸೆಷನ್ಸ್ ಕೋರ್ಟುಗಳು ಇಂದಿಗೂ ಅನುಸರಿಸುತ್ತವೆ. ನಾಲ್ಕು ಗೋಡೆಗಳ ನಡುವೆ ನಡೆದದ್ದಕ್ಕೆ ಒಳಗಿದ್ದವರೇ ವಿವರಣೆ ಕೊಡಬೇಕು ಎಂದು 2006ರ ತ್ರಿಮುಖ ಮಾರೋತಿ ಕಿರ್ಕನ್ ತೀರ್ಪು ಹೇಳಿದ್ದು ನಿಜ. ಆದರೂ ಅವರು ಒಳಗಿದ್ದರು ಎಂಬುದನ್ನು ಮೊದಲು ತೋರಿಸುವ ಹೊಣೆ ಸರ್ಕಾರದ್ದೇ.

ಈ ತನಿಖೆಗೆ ಗಡುವೂ ಇದೆ: ಕೊಲೆ ಕೇಸಿನಲ್ಲಿ ಬಂಧಿತ ಆರೋಪಿ ಕಸ್ಟಡಿಗೆ ಹೋದ 90 ದಿನಗಳೊಳಗೆ ಕೋರ್ಟಿಗೆ ದೋಷಾರೋಪ ಪಟ್ಟಿ ಹೋಗದಿದ್ದರೆ ಜಾಮೀನು ಅವನ ಹಕ್ಕು. ಇನ್ನೊಂದು ಕಾನೂನು ತೋಟದ ಜಗಳಕ್ಕೆ ನೇರವಾಗಿ ತಗಲುತ್ತದೆ, ಹಳ್ಳಿಗಳಲ್ಲಿ ಬಹಳ ಮಂದಿಗೆ ಗೊತ್ತಿಲ್ಲ: 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಕೊಂದವನಿಗೂ ಕೊಲೆಗೆ ಕುಮ್ಮಕ್ಕು ಕೊಟ್ಟವನಿಗೂ ಸತ್ತವನ ಆಸ್ತಿಯಲ್ಲಿ ವಾರಸುದಾರಿಕೆ ಇಲ್ಲ.

ವಿಚಾರಣೆಗೆ ಬರುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ. ಅಷ್ಟರೊಳಗೆ ನೆಂಟರು ರಾಜಿಯಾಗಿರುತ್ತಾರೆ, ಅತ್ತಿಗೆ ಹೇಳಿಕೆ ಬದಲಿಸಿರುತ್ತಾಳೆ, ಅಕ್ಕಪಕ್ಕದವರು ‘ನಮಗೇನೂ ಗೊತ್ತಿಲ್ಲ’ ಎಂದು ಪ್ರತಿಕೂಲ ಸಾಕ್ಷಿಗಳಾಗಿರುತ್ತಾರೆ. ಆಗ ಕರೆ ಬರುವುದು ಪಂಚನಾಗಿ ಸಹಿ ಹಾಕಿದ ಅಂಗಡಿಯವನಿಗೋ ತೋಟದ ಕೆಲಸದವನಿಗೋ. ಸಾಗರದ ನ್ಯಾಯಾಲಯದ ಕಟಕಟೆಯಲ್ಲಿ ಅವನು ನಿಂತಾಗ ಮುದ್ದೆಮಾಲಿನ ಪೊಟ್ಟಣ ಬಿಚ್ಚುತ್ತಾರೆ. ಒಳಗೆ ಕಂದುಗಟ್ಟಿದ ಲುಂಗಿ, ಅದರ ಮೇಲೊಂದು ಚೀಟಿ. ಸರ್ಕಾರಿ ಅಭಿಯೋಜಕರು ಕೇಳುತ್ತಾರೆ: ‘ಇದು ನಿಮ್ಮದೇ ಸಹಿಯಾ?’