ಜೀವವಿಮೆಯೋ, ಸರಪಳಿ ವ್ಯಾಪಾರವೋ?



ಬಿಳಿಗಿರಿರಂಗನ ಬೆಟ್ಟದ ಕಾಫಿಯಾಗಲಿ, ಗುಂಡ್ಲುಪೇಟೆ ಕಡೆಯ ಅಡಿಕೆಯಾಗಲಿ, ಫಸಲಿನ ಹಣ ಕೈಸೇರುವ ಹೊತ್ತಿನಲ್ಲೇ ನಾವು ಎಚ್ಚರವಾಗಿರಬೇಕು. ‘ಪಾಲಿಸಿ ಮಾಡಿಸಿ, ಐವರನ್ನು ಸೇರಿಸಿ, ಅವರ ಕಂತಿನಲ್ಲೂ ಕಮಿಷನ್ ಪಡೆಯಿರಿ’ ಎಂದು ಯಾರಾದರೂ ಬಂದರೆ ಲೆಕ್ಕ ಹಾಕಿ ನೋಡೋಣ. ಒಬ್ಬೊಬ್ಬರೂ ಐವರನ್ನು ಸೇರಿಸುತ್ತ ಹೋದರೆ ಒಂಬತ್ತನೆಯ ಹಂತಕ್ಕೆ 19,53,125 ಜನ ಬೇಕು. 2011ರ ಜನಗಣತಿಯಂತೆ ನಮ್ಮ ಇಡೀ ಜಿಲ್ಲೆಯ ಜನಸಂಖ್ಯೆಯೇ ಸುಮಾರು 10.20 ಲಕ್ಷ! ಕೊನೆಗೆ ಸೇರಿದವರಿಗೆ ಉಳಿಯುವುದು ಕಂತಿನ ಹೊರೆ ಮಾತ್ರ. ಕಂತು ತಪ್ಪಿದರೆ ವಿಮೆಯ ರಕ್ಷಣೆಯೂ ತಪ್ಪೀತು.

2015ರ ತಿದ್ದುಪಡಿಯಿಂದ ವಿಮಾ ಕಾಯಿದೆಗೆ ಸೇರಿದ 42ಎ ಕಲಮು ಇಂಥ ಮಾರಾಟವನ್ನು ನಿಷೇಧಿಸಿದೆ. ಕಟ್ಟಿದ ಹಣಕ್ಕೆ ಕಂಪನಿಯ ರಸೀದಿಯನ್ನೇ ಪಡೆಯಿರಿ. ಪಾಲಿಸಿ ಪತ್ರ ಬಂದ 30 ದಿನಗಳೊಳಗೆ, ಷರತ್ತು ಒಪ್ಪಿಗೆಯಾಗದಿದ್ದರೆ, ಹಿಂತಿರುಗಿಸಬಹುದು. ವಿಮೆ ಇರುವುದು ಮನೆಯವರ ಆಸರೆಗೆ; ನೆಂಟರಿಷ್ಟರನ್ನು ಗಿರಾಕಿಗಳನ್ನಾಗಿ ಮಾಡುವುದಕ್ಕಲ್ಲ.